ಗಿರ್ಲಿಗೆ ಗಂಗೆಯ ಹೆಸರು

1941ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅರ್ಧವಾರ್ಷಿಕ ಪತ್ರಿಕೆಯಲ್ಲಿ ಬಿ.ಎಸ್. ಭೀಮಾಚಾರ್ ಮತ್ತು ಎ. ಸುಬ್ಬರಾವ್ ಅವರ ಲೇಖನವೊಂದು ಅಚ್ಚಾಯಿತು. ಮೈಸೂರು ಸಂಸ್ಥಾನದ ಮೀನುಗಳನ್ನು ಕುರಿತು ಅವರು ಹಾಕಿಕೊಂಡ ಮಾಲಿಕೆಯ ಮೊದಲ ಕಂತು ಅದು. ಆ ಮೊದಲ ಕಂತಿಗೆ ಅವರು ಆರಿಸಿಕೊಂಡದ್ದು ಕಡೂರು ಜಿಲ್ಲೆಯನ್ನು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಇದ್ದ ಹೆಸರು ಕಡೂರು ಜಿಲ್ಲೆ. ಮೀನು ಎಂದೊಡನೆ ಕರಾವಳಿಯತ್ತ ಮುಖ ಮಾಡುವ ನಾಡಿನಲ್ಲಿ, ಸಮುದ್ರದ ಗಾಳಿಯೂ ಸೋಕದ ಒಂದು ಜಿಲ್ಲೆಯ ಹೊಳೆ, ಹಳ್ಳ, ಕೆರೆಗಳ ಮೀನನ್ನು ಲೆಕ್ಕಕ್ಕೆ ತಂದ ಕೆಲಸ ಅದು. ತರೀಕೆರೆಯಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುತ್ತಲೇ ವಯಸ್ಸು ಕಳೆದ ನನಗೆ, ನಮ್ಮ ಸೀಮೆಯ ನೀರಿನ ಬಗ್ಗೆ ಇದಕ್ಕಿಂತ ಬೆಲೆಯುಳ್ಳ ಹಳೆಯ ಕಾಗದ ಇನ್ನೊಂದಿಲ್ಲ.

ಅವರು ಕಡೂರು ಜಿಲ್ಲೆಯನ್ನೇ ಏಕೆ ಮೊದಲು ಹಿಡಿದರು ಎಂದು ನಾನು ಊಹಿಸಲಾರೆ. ಆದರೆ ಈ ನೆಲದ ನಕಾಶೆಯನ್ನು ಒಮ್ಮೆ ನೋಡಿದರೆ ಮೀನಿನ ವಿದ್ಯಾರ್ಥಿಗೆ ಇದು ಎಂಥ ಪಾಠಶಾಲೆ ಎಂಬುದು ತಿಳಿಯುತ್ತದೆ. ಬಾಬಾಬುಡನ್ ಗಿರಿಯ ಒಂದು ಮಗ್ಗುಲಲ್ಲಿ ಹೆಬ್ಬೆ. ಕೆಮ್ಮಣ್ಣುಗುಂಡಿಯ ಕೆಳಗೆ, ಕಾಫಿ ತೋಟಗಳನ್ನೂ ಕಾಡನ್ನೂ ದಾಟಿ, ಸುಮಾರು 168 ಮೀಟರ್ ಎತ್ತರದಿಂದ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತದಲ್ಲಿ ಬೀಳುವ ನೀರು ಭದ್ರೆಯ ಪಾಲು. ಗಿರಿಯ ಇನ್ನೊಂದು ಮಗ್ಗುಲಲ್ಲಿ ವೇದಾ, ಆವತಿ ಹಳ್ಳಗಳು ಹುಟ್ಟಿ, ಅಯ್ಯನಕೆರೆ, ಮದಗದ ಕೆರೆಗಳ ಸೀಮೆ ದಾಟಿ, ಕಡೂರಿನ ಬಳಿ ಒಂದಾಗಿ ವೇದಾವತಿಯಾಗುತ್ತವೆ. ಒಂದು ಕಡೆ ವರ್ಷವಿಡೀ ತಣ್ಣಗೆ ಹರಿಯುವ ಮಲೆನಾಡಿನ ಹಳ್ಳ. ಇನ್ನೊಂದು ಕಡೆ ಬೇಸಿಗೆಯಲ್ಲಿ ಮರಳಾಗಿ ಒಣಗುವ ಬಯಲುಸೀಮೆಯ ಹೊಳೆ. ಎರಡೂ ಕೊನೆಗೆ ಸೇರುವುದು ತುಂಗಭದ್ರೆಯನ್ನು, ಅದರ ಮೂಲಕ ಕೃಷ್ಣೆಯನ್ನು.

ಜಲಪಾತ ನೋಡಲು ಬರುವವರಿಗೆ ಅದು ನೋಟ. ಮೀನಿಗೆ ಅದು ಗೋಡೆ. ಮಳೆಗಾಲದ ಪ್ರವಾಹದಲ್ಲಿ ಮೇಲಿನ ಮೀನು ಕೆಳಕ್ಕೆ ಕೊಚ್ಚಿಹೋಗಬಹುದು, ಕೆಳಗಿನದು ಮೇಲಕ್ಕೆ ಬರಲಾರದು. ಮೇಲಿನ ಹಳ್ಳದಲ್ಲಿ ಸಿಕ್ಕಿಕೊಂಡ ಮೀನಿನ ಸಂತತಿ ತಲೆಮಾರುಗಳ ಕಾಲ ತನ್ನೊಳಗೇ ಬೆಳೆಯುತ್ತದೆ. ಸಾವಿರಾರು ವರ್ಷ ಹೀಗೆ ಕಳೆದರೆ ಅದು ಕೆಳಗಿನ ತನ್ನ ನೆಂಟರಿಂದ ಬೇರೆಯಾಗಿಯೇ ಬಿಡಬಹುದು. ಹೊರಗಿನಿಂದ ನೋಡಿದರೆ ಮಾತ್ರ ಇದೂ ಅದೂ ಒಂದೇ. ಹೀಗೆ ನೋಡಲು ಒಂದೇ ಆಗಿದ್ದು ವಂಶದಲ್ಲಿ ಬೇರೆಯಾದ ಜೀವಿಗಳನ್ನು ಜೀವಶಾಸ್ತ್ರ ಗುಪ್ತ ಪ್ರಭೇದಗಳು ಎನ್ನುತ್ತದೆ. ಸಿಹಿನೀರಿನ ಮೀಸೆಮೀನುಗಳಲ್ಲಿ, ಅಂದರೆ ಕ್ಯಾಟ್‌ಫಿಶ್‌ಗಳಲ್ಲಿ, ಇಂಥವು ಹೆಚ್ಚು. ಅವಕ್ಕೆ ಹೆಸರು ಬಿದ್ದ ಚರಿತ್ರೆಯಲ್ಲಿ ನಮ್ಮ ಹೊಳೆಗಳ ಚರಿತ್ರೆಯೂ ಇದೆ.

ಕೂಳಿಯಲ್ಲಿ ಬಿದ್ದ ಗಿರ್ಲು

ನಮ್ಮ ತಂದೆ ಹೆಬ್ಬೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಮುಂಗಾರು ಹಿಡಿದು ಹಳ್ಳ ಕೆಂಪಾಗುವ ದಿನಗಳಲ್ಲಿ ತೋಟದ ಲೈನಿನಲ್ಲಿ ಹತ್ತುಮೀನಿನದೇ ಮಾತು. ಹೊಸ ನೀರಿಗೆ ಎದುರಾಗಿ ಮೀನು ಮೇಲೇರುತ್ತದೆ. ಗದ್ದೆಯ ಅಂಚಿನ ತೋಡಿಗೂ ನುಗ್ಗುತ್ತದೆ. ಬಿದಿರಿನ ಸೀಳಿನಿಂದ ಹೆಣೆದ ಕೂಳಿಯನ್ನು ನೀರು ಧುಮುಕುವ ಕಡೆ ಇಟ್ಟು ಬಂದರೆ ಬೆಳಗಾಗುವಾಗ ಅದರಲ್ಲಿ ಗಿರ್ಲು, ಮುರುಗೋಡು ಎಂಬ ಮೀಸೆಮೀನುಗಳು, ಕುಚ್ಚು ಎಲ್ಲವೂ ಇರುತ್ತಿದ್ದವು. ಕೂಳಿ ಬಿಡಿಸುವಾಗ ಮಕ್ಕಳಿಗೆ ಮೊದಲು ಹೇಳುತ್ತಿದ್ದದ್ದು ಗಿರ್ಲಿನ ಮುಳ್ಳಿನ ವಿಷಯ.

ಗಿರ್ಲನ್ನು ಕೈಗೆತ್ತಿಕೊಂಡು ನೋಡಿದವರಿಗೆ ಗೊತ್ತು: ಮೈಮೇಲೆ ಒಂದು ಹುರುಪೆಯೂ ಇಲ್ಲ, ಲೋಳೆ ಬಳಿದ ನುಣುಪು ಚರ್ಮ. ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆ. ಮೇಲ್ದವಡೆಯ ಜೊತೆ ಎಲ್ಲಕ್ಕಿಂತ ಉದ್ದ. ಕೆಲವು ಮೀನುಗಳಲ್ಲಿ ಅದನ್ನು ಹಿಂದಕ್ಕೆ ಎಳೆದರೆ ಬಾಲದ ಬುಡದವರೆಗೆ ಬರುತ್ತದೆ. ಬೆನ್ನಿನ ರೆಕ್ಕೆಯ ಮುಂದೆ ಒಂದು ಮುಳ್ಳು, ಎದೆಯ ಎರಡು ಕಡೆ ಗರಗಸದಂತೆ ಹಲ್ಲಿರುವ ಒಂದೊಂದು ಮುಳ್ಳು. ಹೆದರಿದಾಗ ಮೂರನ್ನೂ ನೆಟ್ಟಗೆ ನಿಲ್ಲಿಸಿ ಬಿಗಿ ಹಾಕಿಕೊಳ್ಳುತ್ತದೆ; ಆಗ ಬಲ ಹಾಕಿದರೂ ಮಡಚಲಾಗದು. ಬೆನ್ನಿನ ಹಿಂಭಾಗದಲ್ಲಿ ಮೂಳೆಯೇ ಇಲ್ಲದ, ತೊಗಲಿನಂಥ ಇನ್ನೊಂದು ರೆಕ್ಕೆ ಇದೆ. ಅದು ಎಷ್ಟು ಉದ್ದ, ಮುಂದಿನ ರೆಕ್ಕೆಗೆ ಎಷ್ಟು ಹತ್ತಿರ ಶುರುವಾಗುತ್ತದೆ, ಭುಜದ ಮೇಲೆ ಕಪ್ಪು ಬೊಟ್ಟಿದೆಯೇ, ಬೆನ್ನುಮುಳ್ಳಿನ ಬುಡದಲ್ಲಿದೆಯೇ, ಪಕ್ಕದಲ್ಲಿ ಪಟ್ಟೆಗಳಿವೆಯೇ ಎಂಬುದನ್ನು ನೋಡಿ ಜಾತಿ ಹೇಳುವುದು ರೂಢಿ.

ತೊಡಕು ಇರುವುದೂ ಇಲ್ಲೇ. ಹುರುಪೆಯಿರುವ ಮೀನಾದರೆ ಪಕ್ಕದ ಗೆರೆಯ ಹುರುಪೆಗಳನ್ನು ಎಣಿಸಬಹುದು. ಮೀಸೆಮೀನಿನಲ್ಲಿ ಆ ಆಧಾರವೇ ಇಲ್ಲ. ಬಣ್ಣ ನೀರಿಗೆ ತಕ್ಕಂತೆ ಬದಲಾಗುತ್ತದೆ. ಮರಿಯಲ್ಲಿದ್ದ ಪಟ್ಟೆ ದೊಡ್ಡದಾದಾಗ ಮಾಸಬಹುದು. ಗಂಡಿಗೆ ಹೊಟ್ಟೆಯಡಿ ಜನನಾಂಗದ ಸಣ್ಣ ಮೊನೆಯಿದೆ, ಹೆಣ್ಣಿಗಿಲ್ಲ. ಮೊಟ್ಟೆ ತುಂಬಿದ ಹೆಣ್ಣಿನ ಮೈಕಟ್ಟೇ ಬೇರೆ. ಲಕ್ಕವಳ್ಳಿಯ ಹಿರಿಯ ಮೀನುಗಾರರೊಬ್ಬರು ನನಗೆ ಹೇಳಿದ್ದರು: “ಮೇಡಮ್ಮೋರೆ, ಡ್ಯಾಮಿನ ಗಿರ್ಲೇ ಬೇರೆ, ಹಳ್ಳದ ಗಿರ್ಲೇ ಬೇರೆ. ಒಂದೇ ಬುಟ್ಟಿಗೆ ಹಾಕಿದ್ರೂ ಕಣ್ಣು ಮುಚ್ಕೊಂಡು ಬೇರೆ ಮಾಡ್ತೀನಿ.” ಅವರ ಬೆರಳಿಗೆ ತಿಳಿದ ವ್ಯತ್ಯಾಸ ಸುಳ್ಳಲ್ಲ. ಅದು ಎರಡು ಜಾತಿಯ ವ್ಯತ್ಯಾಸವೋ, ಒಂದೇ ಜಾತಿ ಎರಡು ಬಗೆಯ ನೀರಿನಲ್ಲಿ ಬೆಳೆದದ್ದರ ವ್ಯತ್ಯಾಸವೋ ಎಂದು ತೀರ್ಮಾನಿಸುವುದು ಶಾಸ್ತ್ರದ ಕೆಲಸ.

ಹೆಸರು ಇಟ್ಟವರು

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಹೊಸದಾಗಿ ಕೈಸೇರಿದ ಸೀಮೆಯ ಬೆಳೆ, ಕಸುಬು, ಜನಜೀವನಗಳನ್ನು ತಿಳಿದು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ವೈದ್ಯನನ್ನು ಕಳಿಸಿದ. ಅವನೇ ಫ್ರಾನ್ಸಿಸ್ ಬುಕಾನನ್. 1800–1801ರಲ್ಲಿ ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿ ಅವನು ಬರೆದ ಪ್ರವಾಸ ಗ್ರಂಥ 1807ರಲ್ಲಿ ಹೊರಬಂತು. ಕರ್ನಾಟಕದ ಚರಿತ್ರೆ ಬರೆಯುವ ಯಾರೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಆಮೇಲೆ ಹ್ಯಾಮಿಲ್ಟನ್ ಎಂಬ ಮನೆತನದ ಹೆಸರು ಹೊತ್ತ ಅದೇ ಬುಕಾನನ್ ಬಂಗಾಳದಲ್ಲಿ ಬಹುಕಾಲ ಕೆಲಸ ಮಾಡಿ, ಗಂಗೆ ಮತ್ತು ಅದರ ಉಪನದಿಗಳ ಮೀನುಗಳ ಮೇಲೆ 1822ರಲ್ಲಿ ಪುಸ್ತಕ ತಂದ. ಭಾರತದ ಸಿಹಿನೀರಿನ ಮೀನುಗಳ ಅಧ್ಯಯನಕ್ಕೆ ಅದೇ ತಳಪಾಯ. ಗಿರ್ಲಿನ ಬಳಗದ ಕವಾಸಿಯಸ್, ಟೆಂಗಾರ, ಮುರುಗೋಡಿನ ಬಳಗದ ಮಾಗೂರ್ ಎಲ್ಲವೂ ಅವನಿಟ್ಟ ಹೆಸರುಗಳು. ನಮ್ಮ ನೆಲವನ್ನು ಮೆಟ್ಟಿ ನೋಡಿದವನೇ ಮೀನಿನ ಪುಸ್ತಕ ಬರೆದ. ಆದರೆ ಆ ಪುಸ್ತಕದ ಮೀನುಗಳು ಗಂಗೆಯವು.

ದಖ್ಖನಿನ ಮೀನುಗಳತ್ತ ನೋಡಿದವನು ಮುಂಬೈ ಸರ್ಕಾರದ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್. 1839ರಲ್ಲಿ ಅವನು ಪ್ರಕಟಿಸಿದ ಬರಹದಲ್ಲಿ ಕೃಷ್ಣಾ, ಭೀಮಾ ಮೇಲ್ಕಣಿವೆಗಳ ಮೀನುಗಳಿವೆ. ಗಿರ್ಲಿನ ಬಳಗದ ಒಂದು ಮೀನಿಗೆ ಅಲ್ಲಿನವರು ಕರೆಯುತ್ತಿದ್ದಂತೆಯೇ ಸೀಂಗ್ಟಿ ಎಂದು ಬರೆದುಕೊಂಡ. 1849ರಲ್ಲಿ ಮದ್ರಾಸ್ ಸೇನೆಯ ವೈದ್ಯ ಟಿ.ಸಿ. ಜೆರ್ಡನ್ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳನ್ನು ಕುರಿತು ಬರೆದ. ಮಲಬಾರಿಕಸ್, ಮೊಂಟಾನಸ್ ಎಂಬ ಇನ್ನೆರಡು ಗಿರ್ಲುಗಳು ಅವನ ಮೂಲಕ ಶಾಸ್ತ್ರಕ್ಕೆ ಬಂದವು. ಅವನ ವಿವರಣೆಗಳು ಕೆಲವೇ ಸಾಲಿನವು. ಅವನು ನೋಡಿದ ಹೆಚ್ಚಿನ ಮೀನುಗಳು ಇಂದು ಯಾವ ಸಂಗ್ರಹಾಲಯದಲ್ಲೂ ಉಳಿದಿಲ್ಲ. ಹಾಗಾಗಿ ಅವನು ಯಾವ ಮೀನನ್ನು ಕಂಡು ಬರೆದ ಎಂಬುದನ್ನು ಅವನ ಮಾತಿನಿಂದಲೇ ಊಹಿಸಬೇಕು.

ಇವರೆಲ್ಲರ ಕೆಲಸವನ್ನು ಒಂದೆಡೆ ತಂದವನು ಫ್ರಾನ್ಸಿಸ್ ಡೇ. ಅವನೂ ಮದ್ರಾಸ್ ಸೇನೆಯ ವೈದ್ಯನೇ. ಮುಂದೆ ಭಾರತದ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಆದ. 1875ರಿಂದ 1878ರವರೆಗೆ ಬಿಡಿಬಿಡಿಯಾಗಿ ಬಂದ ಅವನ ‘ದಿ ಫಿಶಸ್ ಆಫ್ ಇಂಡಿಯಾ’ ಚಿತ್ರಸಹಿತ ಮಹಾಗ್ರಂಥ. ಮುಂದಿನ ನೂರು ವರ್ಷ ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಮೀನು ಗುರುತಿಸಬೇಕೆಂದರೆ ಡೇ ಬರೆದದ್ದೇ ಆಧಾರ. ಹೀಗೆ ಒಂದೆಡೆ ತರುವಾಗ ಕೆಲವು ಹೆಸರುಗಳು ಮುಳುಗಿಹೋದವು. ಸೈಕ್ಸ್ ಇಟ್ಟ ಸೀಂಗ್ಟಿ, ಹ್ಯಾಮಿಲ್ಟನ್ನನ ಕವಾಸಿಯಸ್‌ಗೆ ಇನ್ನೊಂದು ಹೆಸರಷ್ಟೇ ಎಂದು ಗ್ರಂಥಗಳಲ್ಲಿ ನಿಂತಿತು. ಕೃಷ್ಣಾ ಕಣಿವೆಯ ಗಿರ್ಲು ಗಂಗೆಯ ಗಿರ್ಲಾಯಿತು.

ನಾವೂ ಮಕ್ಕಳಿಗೆ ಹಾಗೆಯೇ ಕಲಿಸಿದೆವು. ಲ್ಯಾಬಿನ ಕಪಾಟಿನಲ್ಲಿ ಫಾರ್ಮಲಿನ್ ತುಂಬಿದ ಗಾಜಿನ ಭರಣಿಗಳು, ಅದರೊಳಗೆ ಬಿಳಿಚಿಕೊಂಡ ಮೀನುಗಳು, ಹೊರಗೆ ಅಂಟಿಸಿದ ಚೀಟಿ. ಚೀಟಿಯ ಮೇಲೆ ಜಾತಿಯ ಹೆಸರು ದೊಡ್ಡ ಅಕ್ಷರದಲ್ಲಿ ಇರುತ್ತಿತ್ತು. ಯಾವ ಹಳ್ಳ, ಯಾವ ತಿಂಗಳು, ಹಿಡಿದವರು ಯಾರು ಎಂಬ ಸಾಲು ಬಹಳ ಭರಣಿಗಳಲ್ಲಿ ಇರುತ್ತಲೇ ಇರಲಿಲ್ಲ. ಮೀನಿಗೆ ಊರು ಮುಖ್ಯ ಎಂದು ಆಗಿನ ಪಾಠಕ್ರಮ ಭಾವಿಸಿದಂತೆ ಕಾಣುವುದಿಲ್ಲ.

ಬೆಟ್ಟದ ಮೀನು ಹೇಳಿದ ಕತೆ

ಭೀಮಾಚಾರ್ ಅವರಿಗೆ ಊರು ಮುಖ್ಯವಾಗಿತ್ತು. ಕಡೂರು ಜಿಲ್ಲೆಯ ಪಟ್ಟಿಯಾದ ನಾಲ್ಕು ವರ್ಷಕ್ಕೆ, 1945ರಲ್ಲಿ, ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅವರು ಬೆಟ್ಟದ ಹಳ್ಳಗಳ ಮೀನು ಎಲ್ಲೆಲ್ಲಿ ಹಂಚಿಕೆಯಾಗಿದೆ ಎಂಬುದನ್ನು ನೋಡಿ ಇಡೀ ಪಶ್ಚಿಮ ಘಟ್ಟವನ್ನು ವಲಯಗಳಾಗಿ ವಿಂಗಡಿಸಿ ತೋರಿಸಿದರು. ಮುಂದೆ ಅವರು ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

ಅದೇ ಕಾಲಕ್ಕೆ ಕೋಲ್ಕತ್ತದಲ್ಲಿ ಸುಂದರ್ ಲಾಲ್ ಹೋರಾ ಇದಕ್ಕಿಂತ ದೊಡ್ಡ ಪ್ರಶ್ನೆ ಎತ್ತಿಕೊಂಡಿದ್ದರು. ಮುಂದೆ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾಲಯವನ್ನು ಮುನ್ನಡೆಸಿದ ಹೋರಾ 1942ರಲ್ಲಿ ಮೈಸೂರು ಸಂಸ್ಥಾನ, ನೀಲಗಿರಿ, ವಯನಾಡು, ಕೊಡಗುಗಳ ಮೀನುಗಳ ಪಟ್ಟಿ ಪ್ರಕಟಿಸಿದರು. ಪೂರ್ವ ಹಿಮಾಲಯದ ರಭಸದ ತೊರೆಗಳಲ್ಲಿರುವ ಮೀನುಗಳ ಬಂಧುಗಳು ನಡುವಿನ ಬಯಲುಸೀಮೆಯಲ್ಲೆಲ್ಲೂ ಇಲ್ಲದೆ ಪಶ್ಚಿಮ ಘಟ್ಟದಲ್ಲಿ ಮಾತ್ರ ಕಾಣುವುದು ಹೇಗೆ? ವಿಂಧ್ಯ, ಸಾತ್ಪುರ ಬೆಟ್ಟಸಾಲು ಒಂದು ಕಾಲದಲ್ಲಿ ಈಗಿನದಕ್ಕಿಂತ ಎತ್ತರವಾಗಿಯೂ ತಂಪಾಗಿಯೂ ಇದ್ದು, ಅದರ ಮೇಲೆ ಮೀನುಗಳು ತೊರೆಯಿಂದ ತೊರೆಗೆ ಸಾಗಿ ಬಂದವು ಎಂದರು ಹೋರಾ. ಇದೇ ಸಾತ್ಪುರ ಸಿದ್ಧಾಂತ. ಅವರ ಸಾಕ್ಷಿಗಳಲ್ಲಿ ಗ್ಲಿಪ್ಟೊಥೊರ್ಯಾಕ್ಸ್, ಬಟಾಸಿಯೊ ಎಂಬ ಮೀಸೆಮೀನುಗಳೂ ಇದ್ದವು. 1952ರಲ್ಲಿ ಇ.ಜಿ. ಸೈಲಾಸ್ ಈ ಸಿದ್ಧಾಂತವನ್ನು ಇನ್ನಷ್ಟು ವಿಸ್ತರಿಸಿ ಬರೆದರು.

ಗ್ಲಿಪ್ಟೊಥೊರ್ಯಾಕ್ಸ್ ನೋಡಬೇಕಾದ ಮೀನು. ಗೇಣುದ್ದಕ್ಕಿಂತ ಚಿಕ್ಕದು. ಎದೆಯಡಿಯ ಚರ್ಮ ಒತ್ತೊತ್ತಾಗಿ ನೆರಿಗೆ ಕಟ್ಟಿಕೊಂಡಿರುತ್ತದೆ. ಆ ನೆರಿಗೆಯಿಂದಲೇ ಅದು ನೀರಿನ ರಭಸದ ನಡುವೆ ಬಂಡೆಗೆ ಅಂಟಿ ನಿಲ್ಲುತ್ತದೆ. ನೆರಿಗೆಯ ಆಕಾರ, ಅದು ಎಲ್ಲಿಂದ ಎಲ್ಲಿಗೆ ಇದೆ ಎಂಬುದು ಜಾತಿ ಗುರುತಿಸುವ ಮುಖ್ಯ ಲಕ್ಷಣ. 2007ರಲ್ಲಿ ಕೆ.ಸಿ. ಗೋಪಿ ಇದರ ಹೊಸ ಪ್ರಭೇದವೊಂದನ್ನು ವಿವರಿಸಿದರು. ಸಿಕ್ಕಿದ್ದು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ತುಂಗೆಯಲ್ಲಿ. ಹೆಸರು ಗ್ಲಿಪ್ಟೊಥೊರ್ಯಾಕ್ಸ್ ಕುದ್ರೆಮುಖೆನ್ಸಿಸ್. 2013ರಲ್ಲಿ ರಾಲ್ಫ್ ಬ್ರಿಟ್ಜ್, ಅನ್ವರ್ ಅಲಿ ಮತ್ತು ರಾಜೀವ್ ರಾಘವನ್ ಘಟ್ಟದ ಕೆಳಗಿನ ಕುಮಾರಧಾರೆಯಿಂದ ಸ್ಯೂಡೊಲಗುವಿಯ ಲ್ಯಾಪಿಲ್ಲಿಕೋಲ ಎಂಬ, ಉರುಟುಗಲ್ಲುಗಳ ನಡುವೆ ಬದುಕುವ ಪುಟ್ಟ ಮೀಸೆಮೀನನ್ನು ಹೊರತಂದರು. ಈ ನೀರಿನ ದಡದಲ್ಲಿ ನಾಗರಿಕತೆಗಳು ಎದ್ದು ಬಿದ್ದ ಮೇಲೆ, ಇಪ್ಪತ್ತೊಂದನೆಯ ಶತಮಾನದಲ್ಲಿ ಆ ಮೀನುಗಳಿಗೆ ಹೆಸರು ಸಿಕ್ಕಿತು.

ಸಾತ್ಪುರದ ವಾದ ಇಲ್ಲಿಯೇ ಅಲುಗಾಡುತ್ತದೆ. ಹಿಮಾಲಯದ ಮೀನೂ ನಮ್ಮ ಮೀನೂ ಒಂದೇ ಎಂದು ಬರೆದಿದ್ದು ಕಣ್ಣಳತೆಯಿಂದ. ರಭಸದ ನೀರಿನಲ್ಲಿ ಬದುಕುವ ಅಗತ್ಯವೇ ಬೇರೆ ಬೇರೆ ವಂಶದ ಮೀನುಗಳಿಗೆ ಒಂದೇ ರೂಪ ಕೊಡಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಪ್ರವೀಣ್ ಕಾರಂತ್ 2003ರ ‘ಕರೆಂಟ್ ಸೈನ್ಸ್’ ಲೇಖನದಲ್ಲಿ, ಹೀಗೆ ದೂರದೂರ ಹಂಚಿಹೋದ ಜೀವಿಗಳು ನಿಜವಾಗಿ ಹತ್ತಿರದ ಸಂಬಂಧಿಗಳೇ ಎಂಬುದನ್ನು ವಂಶವೃಕ್ಷ ಕಟ್ಟಿ ಪರೀಕ್ಷಿಸಬೇಕೆಂದು ವಾದಿಸಿದರು. ಹೋರಾ ಅವರ ಪ್ರಶ್ನೆ ಇಂದಿಗೂ ದೊಡ್ಡದೇ. ಉತ್ತರ ಮಾತ್ರ ಮೀನಿನ ಸರಿಯಾದ ಗುರುತಿನ ಮೇಲೆ ನಿಂತಿದೆ. ಗುರುತು ತಪ್ಪಿದರೆ ಬೆಟ್ಟಗಳ ಚರಿತ್ರೆಯೇ ತಪ್ಪಾಗುತ್ತದೆ.

ಮೈಲಕ್ಷಣ, ಡಿಎನ್‌ಎ

ಸೀಂಗ್ಟಿಯ ಕತೆ ಮುಗಿದಿರಲಿಲ್ಲ. 2005ರಲ್ಲಿ ಪ್ರೊಸಾಂತ ಚಕ್ರವರ್ತಿ ಮತ್ತು ಹಿಯೋಕ್ ಹೀ ಎಂಗ್ ಎಂಬ ಇಬ್ಬರು ತಜ್ಞರು, ಕವಾಸಿಯಸ್ ಎಂಬ ಚೀಟಿ ಹೊತ್ತ ಮೀನುಗಳನ್ನೆಲ್ಲ ಮತ್ತೆ ಅಳೆದರು. ಒಂದೇ ಹೆಸರಿನ ಕೆಳಗೆ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಕೂತಿದ್ದವು. ಮ್ಯಾನ್ಮಾರ್‌ನದಕ್ಕೆ ಅವರು ಹೊಸ ಹೆಸರು ಕೊಟ್ಟರು. ದಕ್ಷಿಣ ಭಾರತದ ಮೀನಿಗೆ ಹೊಸ ಹೆಸರು ಬೇಕಾಗಲಿಲ್ಲ. ಸೈಕ್ಸ್ 1839ರಲ್ಲಿ ಇಟ್ಟ ಸೀಂಗ್ಟಿಯೇ ಅದರ ನಿಜವಾದ ಹೆಸರು ಎಂದರು. ಈ ಕೆಲಸಕ್ಕೆ ಅವರು ಬಳಸಿದ್ದು ಅಳತೆಗೋಲು, ಸೂಕ್ಷ್ಮದರ್ಶಕ ಮತ್ತು ಹಳೆಯ ಸಂಗ್ರಹಗಳು. ಮುರುಗೋಡಿನದೂ ಇದೇ ಹಾದಿ. ಭಾರತದಾದ್ಯಂತ ಕ್ಲಾರಿಯಸ್ ಬಟ್ರಾಕಸ್ ಎಂದು ಪಾಠ ಹೇಳುತ್ತಿದ್ದ ಹೆಸರು ಜಾವಾದ ಮೀನಿನದು ಎಂದು 2008ರ ಅಧ್ಯಯನವೊಂದು ತೋರಿಸಿತು; ಉತ್ತರ ಭಾರತದ ಮೀನಿಗೆ ಹ್ಯಾಮಿಲ್ಟನ್ನನ ಮಾಗೂರ್ ಎಂಬ ಹೆಸರು ಮರಳಿತು. ಪಶ್ಚಿಮ ಘಟ್ಟದ ಕಡೆ ಡುಸುಮಿಯೆರಿ ಎಂಬ ಇನ್ನೊಂದು ಮುರುಗೋಡೂ ಇದೆ.

ಮೈಲಕ್ಷಣ ಮತ್ತು ಡಿಎನ್‌ಎ ಕೈಜೋಡಿಸಿದ ಉದಾಹರಣೆ ನಮ್ಮ ನೀರೇ ಹರಿದು ಸೇರುವ ಜಾಗದಲ್ಲಿದೆ. ಹೆಬ್ಬೆಯ ನೀರು ಭದ್ರೆಗೆ, ಭದ್ರೆ ಕೂಡಲಿಯಲ್ಲಿ ತುಂಗೆಗೆ, ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಶ್ರೀಶೈಲ ದಾಟಿ ನಾಗಾರ್ಜುನ ಸಾಗರಕ್ಕೆ. ಆ ಜಲಾಶಯದ ಪಂಗೇಸಿಯಸ್ ಮೀನನ್ನು ಗಂಗೆಯದೇ ಜಾತಿ ಎಂದು ಎಲ್ಲರೂ ತಿಳಿದಿದ್ದರು. ಲಖನೌದ ರಾಷ್ಟ್ರೀಯ ಮತ್ಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋದ ವಿಜ್ಞಾನಿಗಳು ಎರಡನ್ನೂ ಅಕ್ಕಪಕ್ಕ ಇಟ್ಟು ಮೈಯ ಅಳತೆ, ಅಂಗುಳದ ಹಲ್ಲಿನ ಪಟ್ಟಿಗಳ ಆಕಾರ, ಮೈಟೊಕಾಂಡ್ರಿಯದ ಜೀನುಗಳು ಎಲ್ಲವನ್ನೂ ಹೋಲಿಸಿದರು. ಕೃಷ್ಣೆಯದು ಬೇರೆಯೇ ಪ್ರಭೇದ. 2017ರಲ್ಲಿ ಅದಕ್ಕೆ ಪಂಗೇಸಿಯಸ್ ಸೈಲಾಸಿ ಎಂದು ಹೆಸರಿಟ್ಟರು. ಸಾತ್ಪುರ ಸಿದ್ಧಾಂತವನ್ನು ಮುಂದುವರಿಸಿದ್ದ ಅದೇ ಇ.ಜಿ. ಸೈಲಾಸ್ ಅವರ ಗೌರವಾರ್ಥ. ಮಾರುಕಟ್ಟೆಯಲ್ಲಿ ತೂಗಿ ಮಾರುವಷ್ಟು ದೊಡ್ಡ ಮೀನಿನ ಗುರುತೇ ಇಷ್ಟು ಕಾಲ ಮರೆಯಾಗಿತ್ತೆಂದರೆ, ಬೆರಳುದ್ದದ ಹಳ್ಳದ ಮೀನಿನ ಗತಿ ಏನೆಂದು ಯೋಚಿಸಿ.

ಡಿಎನ್‌ಎ ಪರೀಕ್ಷೆ ಎಂದರೆ ಮೀನನ್ನು ನಾಶಮಾಡುವುದಲ್ಲ. ಹಿಡಿದ ಮೀನಿನ ಎಡಮಗ್ಗುಲಿನ ಫೋಟೊ ತೆಗೆದು, ಬಲಗಡೆಯ ರೆಕ್ಕೆಯ ಚೂರನ್ನೋ ಸಣ್ಣ ಮಾಂಸದ ತುಣುಕನ್ನೋ ಕತ್ತರಿಸಿ ಶುದ್ಧ ಎಥನಾಲ್‌ನಲ್ಲಿ ಹಾಕುತ್ತಾರೆ. ಎಡಮಗ್ಗುಲು ಅಳತೆಗೆ, ಚಿತ್ರಕ್ಕೆ ಹಾಗೆಯೇ ಇರಬೇಕು. ಆ ಚೂರಿನಿಂದ ಡಿಎನ್‌ಎ ಬೇರ್ಪಡಿಸಿ, ಮೈಟೊಕಾಂಡ್ರಿಯದ ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳಷ್ಟು ಭಾಗವನ್ನು ಪಿಸಿಆರ್ ಯಂತ್ರದಲ್ಲಿ ಕೋಟಿಗಟ್ಟಲೆ ಪ್ರತಿಯಾಗಿಸಿ ಓದುತ್ತಾರೆ. ಪ್ರಾಣಿಗಳನ್ನು ಈ ತುಣುಕಿನಿಂದ ಗುರುತಿಸಬಹುದೆಂದು ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಮುಂದಿಟ್ಟರು. ಅದೇ ಡಿಎನ್‌ಎ ಬಾರ್‌ಕೋಡಿಂಗ್. ಒಂದೇ ಜಾತಿಯ ಮೀನುಗಳಲ್ಲಿ ಈ ಅಕ್ಷರಗಳ ವ್ಯತ್ಯಾಸ ಸಾಮಾನ್ಯವಾಗಿ ತೀರ ಕಡಿಮೆ. ಜಾತಿ ಬೇರೆಯಾದರೆ ಹೆಚ್ಚು. ನಮ್ಮ ಕಾಲೇಜಿನ ಭರಣಿಗಳು ಈ ಕೆಲಸಕ್ಕೆ ಒದಗುವುದು ಬಹಳ ಕಷ್ಟ. ಫಾರ್ಮಲಿನ್ ಆಕಾರವನ್ನು ಉಳಿಸುತ್ತದೆ, ಡಿಎನ್‌ಎಯನ್ನು ಕೆಡಿಸುತ್ತದೆ.

ಡಿಎನ್‌ಎ ಬಂದ ಮೇಲೆ ಅಳತೆಗೋಲು ಬೇಡ ಎನ್ನುವವರಿದ್ದಾರೆ. ಅವರ ಮಾತು ನಾನು ಒಪ್ಪುವುದಿಲ್ಲ. ಓದಿದ ಅಕ್ಷರಗಳನ್ನು ಜಗತ್ತಿನ ಜೀನ್ ಭಂಡಾರಗಳಲ್ಲಿ ಇರುವುದಕ್ಕೆ ಹೋಲಿಸಿ ಹೆಸರು ಹೇಳುತ್ತಾರೆ. ಅಲ್ಲಿಗೆ ಮೊದಲು ಹಾಕಿದವರು ಗುರುತು ತಪ್ಪಿದ್ದರೆ, ತಪ್ಪು ಹೆಸರಿಗೆ ಖಾತೆಯಾದ ಜಮೀನಿನಂತೆ, ಮುಂದಿನ ಪ್ರತಿಯೊಂದು ಪಹಣಿಯಲ್ಲೂ ಆ ತಪ್ಪೇ ಸರಿ ಎಂದು ನಡೆಯುತ್ತದೆ. ಮೈಟೊಕಾಂಡ್ರಿಯ ತಾಯಿಯ ಕಡೆಯಿಂದ ಮಾತ್ರ ಬರುವುದರಿಂದ ಎರಡು ಜಾತಿ ಬೆರೆತು ಹುಟ್ಟಿದ ಮೀನನ್ನು ಆ ಒಂದು ಜೀನು ತೋರಿಸಿಕೊಡಲಾರದು. ಶೇಕಡಾ ಇಷ್ಟು ವ್ಯತ್ಯಾಸವಿದ್ದರೆ ಬೇರೆ ಜಾತಿ ಎಂಬ ಗೆರೆಯೂ ಎಲ್ಲ ಮೀನಿಗೂ ಒಂದೇ ಅಲ್ಲ. ಆದ್ದರಿಂದ ಮೀಸೆಯ ಉದ್ದ, ತೊಗಲು ರೆಕ್ಕೆಯ ಬುಡ, ಹಲ್ಲಿನ ಪಟ್ಟಿ, ಎಕ್ಸ್‌ರೇಯಲ್ಲಿ ಎಣಿಸಿದ ಬೆನ್ನುಮೂಳೆಗಳು, ಜೀನು ಮತ್ತು ಹಿಡಿದ ಜಾಗ ಎಲ್ಲವೂ ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ತೀರ್ಪು. ಮೂಲ ಹೆಸರು ಹುಟ್ಟಿದ ನದಿಯಿಂದಲೂ ಹೊಸದಾಗಿ ಮೀನು ತಂದು ಹೋಲಿಸಬೇಕು.

ನೀರೇ ಬದಲಾದ ಕಾಲ

ಭೀಮಾಚಾರ್ ಪಟ್ಟಿ ಮಾಡಿದ ಕಡೂರು ಜಿಲ್ಲೆಯ ನೀರು ಈಗ ಹಾಗೆ ಉಳಿದಿಲ್ಲ. ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರು ರೋಪ್‌ವೇಯಲ್ಲಿ ಇಳಿದು, 1923ರಲ್ಲಿ ಶುರುವಾದ ಭದ್ರಾವತಿಯ ಕಾರ್ಖಾನೆಯ ಕುಲುಮೆ ಸೇರುತ್ತಿತ್ತು. ಆ ಊರಿನ ಕಾರ್ಖಾನೆಗಳ ಕೊಳೆನೀರು ಭದ್ರೆಯ ಮೀನುಗಾರಿಕೆಗೆ ಏನು ಮಾಡಿತೆಂದು ಎ. ಡೇವಿಡ್ 1956ರಲ್ಲೇ ಅಧ್ಯಯನ ಮಾಡಿ ಪ್ರಕಟಿಸಿದರು. ಅರವತ್ತರ ದಶಕದ ಹೊತ್ತಿಗೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಿತು. 186 ಅಡಿ ತುಂಬಿದಾಗ ನಮ್ಮ ಸೀಮೆಯ ರೈತರೆಲ್ಲ ನೆಮ್ಮದಿಯ ಉಸಿರು ಬಿಡುತ್ತಾರೆ. ಮೀನಿಗೆ ಮಾತ್ರ ಹರಿವ ಹೊಳೆ ನಿಂತ ನೀರಾಯಿತು. ಮೇಲೇರುವ ದಾರಿ ಮುಚ್ಚಿತು. ಜಲಾಶಯಕ್ಕೂ ಕೆರೆಗಳಿಗೂ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಡುವುದು ವಾಡಿಕೆಯಾಯಿತು. ಅವೂ ಗಂಗೆಯ ಕಡೆಯವೇ.

ಇದಕ್ಕಿಂತ ನನ್ನನ್ನು ಕಾಡುವುದು ಆಫ್ರಿಕನ್ ಕ್ಯಾಟ್‌ಫಿಶ್. ಅದರ ಸಾಕಣೆಗೆ ಕೇಂದ್ರ ಸರ್ಕಾರ ನಿಷೇಧ ಹೇರಿ ವರ್ಷಗಳೇ ಆದವು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಆದೇಶ ಕೊಟ್ಟಿದೆ. ಆದರೂ ಕದ್ದುಮುಚ್ಚಿ ಸಾಕುವುದು ನಿಂತಿಲ್ಲ. ಕೋಡಿ ಬಿದ್ದ ಹೊಂಡದಿಂದ ಅದು ಕೆರೆಗೆ, ಕೆರೆಯಿಂದ ಹಳ್ಳಕ್ಕೆ ಹೋಗುತ್ತದೆ. ಸಿಕ್ಕ ಮೀನನ್ನೆಲ್ಲ ತಿನ್ನುತ್ತದೆ. ನಮ್ಮ ಮುರುಗೋಡು ಯಾವುದು ಎಂದು ಗುರುತು ಹಿಡಿಯುವ ಮೊದಲೇ ಅದು ಇಲ್ಲವಾಗಬಹುದು.

ಇನ್ನೊಂದು ಬದಲಾವಣೆ ಕಣ್ಣೆದುರೇ ನಡೆಯುತ್ತಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.4 ಟಿಎಂಸಿ ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಬೇಕು. ಅಲ್ಲಿಂದ ಒಟ್ಟು 29.9 ಟಿಎಂಸಿ ನೀರು ಅಜ್ಜಂಪುರದ ಬಳಿಯ ಸುರಂಗ ಹಾದು ಬಯಲುಸೀಮೆಗೆ ಹೋಗಬೇಕು. ಭದ್ರೆಯ ನೀರು ಈಗಾಗಲೇ ವೇದಾವತಿಯ ಮೂಲಕ ವಾಣಿವಿಲಾಸ ಸಾಗರ ಸೇರಿದೆ. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಆ ಸಾಗರ ಕೋಡಿ ಬಿದ್ದಾಗ ಹಿರಿಯೂರಿನ ಜನ ಕಣ್ಣೀರು ತುಂಬಿಕೊಂಡು ಬಾಗಿನ ಕೊಟ್ಟರು. ಆ ನೀರು ಅವರಿಗೆ ಬೇಕೇ ಬೇಕು. ಅದರ ಬಗ್ಗೆ ನನ್ನಲ್ಲಿ ಎರಡು ಮಾತಿಲ್ಲ. ಆದರೆ ನೀರಿನ ಜೊತೆ ಮೊಟ್ಟೆ, ಮರಿಗಳೂ ಹೋಗುತ್ತವೆ. ತುಂಗೆಯ ಮೀನು ಭದ್ರೆಗೆ, ಭದ್ರೆಯದು ವೇದಾವತಿಗೆ ದಾಟುತ್ತದೆ. ಗಿರಿಯ ಎರಡು ಮಗ್ಗುಲಲ್ಲಿ ದೂರ ದೂರ ಬೆಳೆದ ಸಂತತಿಗಳು ಒಮ್ಮೆ ಬೆರೆತ ಮೇಲೆ, ಯಾವುದು ಎಲ್ಲಿಯದಿತ್ತು ಎಂಬ ಪ್ರಶ್ನೆಗೆ ಜೀನು ಓದಿದರೂ ಸ್ಪಷ್ಟ ಉತ್ತರ ಸಿಗದು.

ಮಾಡಬೇಕಾದದ್ದು

ಹಾಗಾಗಿ ಈ ಕೆಲಸಕ್ಕೆ ಗಡುವು ಇದೆ. 1941ರ ಕಡೂರು ಜಿಲ್ಲೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಅದರ ಪ್ರತಿಯೊಂದು ಮೀನನ್ನೂ ಅದೇ ಸೀಮೆಯ ನೀರಿನಲ್ಲಿ ಮತ್ತೆ ಹುಡುಕಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರು ಭದ್ರೆಯಲ್ಲಿ ಐವತ್ತಕ್ಕೂ ಹೆಚ್ಚು ಜಾತಿಯ ಮೀನುಗಳನ್ನು ದಾಖಲಿಸಿ 2010ರಲ್ಲಿ ಪ್ರಕಟಿಸಿದ್ದಾರೆ. ಅದೂ ಒಳ್ಳೆಯ ಆಧಾರ. ಹೆಬ್ಬೆಯ ಮೇಲಿನ ಹಳ್ಳ, ಕೆಳಗಿನ ಹಳ್ಳ, ಜಲಾಶಯದ ಹಿನ್ನೀರು, ಅಯ್ಯನಕೆರೆ, ಮದಗದ ಕೆರೆ, ವೇದಾವತಿ, ಇವಿಷ್ಟರಿಂದ ಮೀಸೆಮೀನುಗಳನ್ನು ತಂದು, ಅಳೆದು, ಜೀನು ಓದಿಸಿ, ಮಾದರಿಗಳನ್ನು ಜಾಗ ಮತ್ತು ತಾರೀಖಿನ ಸಮೇತ ಜಿಲ್ಲೆಯಲ್ಲೇ ಒಂದು ಸಂಗ್ರಹದಲ್ಲಿ ಇಡಬೇಕು. ಹೆಬ್ಬೆ ಭದ್ರಾ ಹುಲಿ ಮೀಸಲು ಪ್ರದೇಶದ ಸೆರಗಿನಲ್ಲಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಒಂದು ಮೀನನ್ನೂ ಮುಟ್ಟುವಂತಿಲ್ಲ, ಮುಟ್ಟಲೂಬಾರದು. ಅನುಮತಿ ಪಡೆದು ಮಾಡುವ ಕೆಲಸಕ್ಕೆ ಇಲಾಖೆಯೂ ತುಂಬು ಮನಸ್ಸಿನಿಂದ ಜೊತೆ ನಿಲ್ಲಲಿ.

ಇದಕ್ಕೆ ಮೀನುಗಾರರನ್ನು ಸೇರಿಸಿಕೊಳ್ಳದೆ ಸಾಗದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಬಹಳ ಕಡೆ ಆ ಪುಸ್ತಕದಲ್ಲಿ ಮೀನು ಎಂಬ ಕಾಲಂಗೆ ಕಾಟ್ಲಾ, ರೋಹು ಎಂದು ಬರೆದು ಮುಗಿಸುತ್ತಾರೆ. ಡ್ಯಾಮಿನ ಗಿರ್ಲೇ ಬೇರೆ, ಹಳ್ಳದ ಗಿರ್ಲೇ ಬೇರೆ ಎಂದ ಹಿರಿಯರ ಮಾತು ಅದರೊಳಗೆ ಬರಬೇಕು. ಶಾಸ್ತ್ರಜ್ಞ ಎಲ್ಲಿ ಹುಡುಕಬೇಕು ಎಂಬುದನ್ನು ತಿಳಿಸುವ ಸುಳಿವು ಅದು.

ತರೀಕೆರೆ, ಕಡೂರು, ಅಜ್ಜಂಪುರದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ನಿಮ್ಮ ಮನೆಯವರು ಸಂತೆಯಿಂದ ಗಿರ್ಲು ತಂದ ದಿನ ಹಚ್ಚುವ ಮೊದಲು ಎಡಮಗ್ಗುಲಿನ ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಯಾವ ಕೆರೆ, ಯಾವ ಹೊಳೆಯದು ಎಂದು ಮಾರಿದವರನ್ನು ಕೇಳಿ ತಾರೀಖಿನ ಜೊತೆ ಬರೆದಿಡಿ. ನಿಮ್ಮ ಅಧ್ಯಾಪಕರು ಅದನ್ನು ವಿಶ್ವವಿದ್ಯಾಲಯಕ್ಕೆ ತಲುಪಿಸಲಿ. ಬುಕಾನನ್‌ನಿಂದ ಇಲ್ಲಿಯವರೆಗೆ ನಮ್ಮ ಮೀನಿಗೆ ಹೆಸರು ಹುಡುಕಿದವರಲ್ಲಿ ಹೆಚ್ಚಿನವರು ಹೊರಗಿನವರು. ಇನ್ನುಳಿದ ಕೆಲಸವನ್ನು ಈ ನೀರು ಕುಡಿದು ಬೆಳೆದವರು ಮಾಡಬೇಕು.